ತಾರಸಿಯ ಮಳೆ ಲೆಕ್ಕ
ಮಣಿಪಾಲದ ತಾರಸಿಯಲ್ಲಿ ನೀವಿಟ್ಟ ಮಳೆ ಮಾಪಕ 70 ಮಿ.ಮೀ. ತೋರಿಸಿತು, ಪೇಪರಿನಲ್ಲಿ ಉಡುಪಿಗೆ ಬೇರೆಯೇ ಅಂಕಿ, ಹಾಗಾದರೆ ಅಳತೆ ಅನ್ನೋದೇ ಸುಳ್ಳಾ ಅಂತ ಕೇಳಿದ್ದೀರಿ. ಸುಳ್ಳಲ್ಲ ಮಾರಾಯ್ರೆ. ನೀವು ಅಳೆದದ್ದು ಯಾವ ದಿನದ ಮಳೆ? ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ರಾತ್ರಿ ಮಲಗುವ ಮುಂಚೆ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ತಾರಸಿಯಲ್ಲಿ ಗಾಳಿಯೂ ಜಾಸ್ತಿ, ಹನಿಗಳು ಮಾಪಕದ ಬಾಯಿ ತಪ್ಪಿಸಿ ಆಚೆ ಹೋಗುತ್ತವೆ.

ಆದರೆ ನಿಮ್ಮ ಅನುಮಾನದಲ್ಲಿ ಹುರುಳಿದೆ. 64.4 ಮಿ.ಮೀ. ಬಿದ್ದರೆ ಇಲಾಖೆಗೆ ಅದು ಸಾಧಾರಣ ಮಳೆ, 64.5 ಆದರೆ ಭಾರಿ ಮಳೆ! ಆ ಗೆರೆ ಮೋಡ ಎಳೆದದ್ದಲ್ಲ, ಮನುಷ್ಯರು ಕೂತು ಎಳೆದದ್ದು. ಬಿದ್ದ ನೀರು ಮಾತ್ರ ನನ್ನ ನಿಮ್ಮ ಇಷ್ಟಕ್ಕೆ ಬದಲಾಗುವುದಿಲ್ಲ. ಕಿಲೋಗ್ರಾಂ ಕೂಡ ಮನುಷ್ಯರೇ ಎಳೆದ ಗೆರೆ ಅಲ್ವಾ? 2019ರ ಮೇವರೆಗೆ ಅದು ಪ್ಯಾರಿಸ್ ಹತ್ತಿರ ಇಟ್ಟಿದ್ದ ಒಂದು ಲೋಹದ ತುಂಡು. ಈಗ ಪ್ಲಾಂಕ್ ಸ್ಥಿರಾಂಕ ಅನ್ನೋ, ಪ್ರಕೃತಿಯಲ್ಲಿ ಬದಲಾಗದ ಒಂದು ಸಂಖ್ಯೆಯ ಲೆಕ್ಕ. ಮಲ್ಪೆಯ ಮೀನಿನ ತಕ್ಕಡಿಗೆ ಅದರ ಗೊಡವೆ ಇಲ್ಲ ಬಿಡಿ.

ಮಾಪಕವನ್ನು ಅಂಗಳಕ್ಕೆ ಇಳಿಸಿ, ಮರ ಗೋಡೆಗಳಿಂದ ದೂರ ಇಡಿ. ಒಂದು ವಾರ 8.30ಕ್ಕೇ ಬರೆದಿಡಿ. ಆಮೇಲೂ ವ್ಯತ್ಯಾಸ ಬಂದರೆ, ಮಣಿಪಾಲ ಗುಡ್ಡದ ಮೇಲಿದೆ, ಉಡುಪಿ ಕೆಳಗಿದೆ. ಮಳೆಯೇ ಬೇರೆ ಬಿದ್ದಿರಬಹುದು.