ಹಳೆಯ ಸಿಮೆಂಟ್ ಶೀಟಿನಿಂದ ಉದುರುವ ಪುಡಿ

ಮಗು ಮಲಗುವ ಕೋಣೆಯಲ್ಲಿ ಮೇಲಿನಿಂದ ಬೂದು ಪುಡಿ ಉದುರುತ್ತಿದೆ, ಏನಿರಬಹುದು ಅಂತ ಕೇಳಿದ್ದಿರಿ. ಅದು ಬಹುಶಃ ನಿಮ್ಮ ಚಾವಣಿಯ 30 ವರ್ಷ ಹಳೆಯ ಸಿಮೆಂಟ್ ಶೀಟಿನದ್ದೇ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜ) ಇರುವ ಸಾಧ್ಯತೆ ಜಾಸ್ತಿ. ಕಣ್ಣಲ್ಲಿ ನೋಡಿ ಹೇಳಲಾಗದು, ಲ್ಯಾಬ್ ಪರೀಕ್ಷೆಯೇ ಬೇಕು. ಅಲ್ಲಿಯವರೆಗೆ ಇದೆ ಅಂತಲೇ ತಿಳಿಯಿರಿ.

ಮಗುವಿನ ಹಾಸಿಗೆ ಇವತ್ತೇ ಬೇರೆ ಕಡೆ ಹಾಕಿ. ಪೊರಕೆ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ. ಗಟ್ಟಿ ಶೀಟು ಸುಮ್ನೆ ಇದ್ದರೆ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ ಏಳುವ ಸಣ್ಣ ನಾರು ಶ್ವಾಸಕೋಶದಲ್ಲೇ ಉಳಿಯುತ್ತದೆ. ಅದರಿಂದ ಬರಬಹುದಾದ ಕ್ಯಾನ್ಸರ್ ಕಾಣಿಸಲು 20-40 ವರ್ಷ ಹಿಡಿಯಬಹುದು, ಮಕ್ಕಳ ವಿಷಯದಲ್ಲಿ ಹೆದರಿಕೆ ಅದಕ್ಕೇ ಅಲ್ವಾ.

ತೆಗೆಸುವಾಗ ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿಯೇ ಇಳಿಸಿ. ನಮ್ಮದನ್ನೂ ಹೀಗೇ ಇಳಿಸಿದೆವು. ಕೆಲಸದವರಿಗೆ ಎಫ್‌ಎಫ್‌ಪಿ3 (ಸಣ್ಣ ಧೂಳನ್ನೂ ತಡೆಯುವ) ಮಾಸ್ಕ್ ಕೊಡಿ, ಬಟ್ಟೆ ಮಾಸ್ಕ್ ಸಾಲದು. ಇಳಿಸಿದ ಶೀಟು, ಚೂರುಗಳನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಎಲ್ಲಿ ಹಾಕಬೇಕೆಂದು ನಗರಸಭೆಯಲ್ಲಿ ಕೇಳಿ.