ಸಾಫ್ಟ್‌ವೇರ್ ಮಾರುವುದೂ ಎಂಜಿನಿಯರರ ಕೆಲಸವೇ

ಆತ್ಮೀಯ ಓದುಗರೇ,

ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮುಗಿಸಿ, ಲೆಕ್ಕಪತ್ರದ ಸಾಫ್ಟ್‌ವೇರ್ ಮಾರುವ ಡೀಲರೊಬ್ಬರ ಬಳಿ ದುಡಿಯುತ್ತಿರುವ ನಿಮಗೆ ಹೈದರಾಬಾದಿನ ಕಂಪನಿಯೊಂದು ಮಾರಾಟ ವಿಭಾಗದಲ್ಲಿ ವರ್ಷಕ್ಕೆ 8 ಲಕ್ಷ ರೂಪಾಯಿಯ ಹುದ್ದೆ ಕೊಡಲು ಮುಂದೆ ಬಂದಿದೆ. ಆದರೆ ನಿಮ್ಮ ತಂದೆಯವರು, "ಅಂಗಡಿ ಅಂಗಡಿ ತಿರಗಲಿಕ್ಕ ಎಂಜಿನಿಯರಿಂಗ್ ಯಾಕ ಓದಬೇಕಿತ್ತು, ಕೆಪಿಎಸ್‌ಸಿಗೆ ಕೂಡು" ಎನ್ನುತ್ತಿದ್ದಾರೆ. ಈ ವೃತ್ತಿಯಲ್ಲಿ ಮರ್ಯಾದೆ ಇದೆಯೇ, ಭವಿಷ್ಯ ಇದೆಯೇ ಎಂದು ಕೇಳಿದ್ದೀರಿ. ಎರಡೂ ಇವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಈ ನಿರ್ದಿಷ್ಟ ಹುದ್ದೆಯನ್ನು ಒಪ್ಪುವ ಮುನ್ನ ಕೆಲವು ಸಂಗತಿಗಳನ್ನು ಕಾಗದದ ಮೇಲೆ ನೋಡಬೇಕು.

ಮೊದಲು ಕೆಲಸದ ಸ್ವರೂಪ. ನಮ್ಮೂರಿನ ಬೇಳೆ ಮಿಲ್ಲೊಂದರ ಲೆಕ್ಕದ ಕೋಣೆಯನ್ನೇ ನೋಡಿ. ಹೊಸ ತೊಗರಿಯ ಆವಕ ಜೋರಾಗಿರುವ ಜನವರಿಯಲ್ಲಿ ಮುನೀಮರ ಮೇಜಿನ ಮೇಲೆ ತೂಕದ ಚೀಟಿಗಳು ರಾಶಿ ಬಿದ್ದಿರುತ್ತವೆ, ಫೋನು ಕಿವಿಯಿಂದ ಇಳಿಯುವುದಿಲ್ಲ, ಹೊರಗೆ ಲಾರಿಗಳು ಸಾಲುಗಟ್ಟಿರುತ್ತವೆ. ಆಗ ಲ್ಯಾಪ್‌ಟಾಪ್ ತೆರೆದು ಡೆಮೊ ತೋರಿಸಲು ಹೊರಟವರನ್ನು ಯಾರೂ ಕೂಡಿಸಿಕೊಳ್ಳುವುದಿಲ್ಲ. ಅದೇ ಮಿಲ್ಲಿಗೆ ಮಳೆಗಾಲದಲ್ಲಿ ಹೋಗಿ, ದೊಡ್ಡ ಚೀಲದ ಬೇಳೆಗೂ ಲೇಬಲ್ ಹಚ್ಚಿದ ಸಣ್ಣ ಪ್ಯಾಕೆಟ್ಟಿಗೂ 2022ರ ಜುಲೈನಿಂದ ಜಿಎಸ್‌ಟಿಯ ಲೆಕ್ಕ ಬೇರೆ ಬೇರೆಯಾಗಿರುವುದರಿಂದ ನಿಮ್ಮ ಬಿಲ್ಲುಗಳಲ್ಲಿ ಎಲ್ಲಿ ತಪ್ಪಾಗುತ್ತಿದೆ ಎಂದು ವಿಚಾರಿಸಿದವರಿಗೆ ಮುನೀಮರು ತಾವಾಗಿಯೇ ಕಡತ ತೆಗೆದು ತೋರಿಸುತ್ತಾರೆ. ವಾರ್ಷಿಕ ವಹಿವಾಟು 5 ಕೋಟಿ ದಾಟಿದ ವ್ಯಾಪಾರಿ ತೆರಿಗೆ ಬೀಳುವ ಸರಕನ್ನು ನೋಂದಾಯಿತ ವ್ಯಾಪಾರಿಗೆ ಮಾರಿದಾಗ ಇ-ಇನ್ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್ಲು) ಮಾಡಲೇಬೇಕೆಂಬ ನಿಯಮ 2023ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಈ ನಿಯಮ ಆ ಮಿಲ್ಲಿನ ಯಾವ ಬಿಲ್ಲಿಗೆ ತಾಗುತ್ತದೆ, ಯಾವುದಕ್ಕೆ ತಾಗುವುದಿಲ್ಲ ಎಂದು ಬಿಡಿಸಿ ಹೇಳುವುದು, ಅದಕ್ಕೆ ತಕ್ಕಂತೆ ಸಾಫ್ಟ್‌ವೇರನ್ನು ಹೊಂದಿಸಬಹುದೇ ಎಂದು ಅಲ್ಲಿಯೇ ಯೋಚಿಸುವುದು ಎಂಜಿನಿಯರಿಂಗ್ ಕಲಿತವರ ಕೆಲಸವಲ್ಲದೆ ಮತ್ತೇನು? ಮಾಲೀಕರೊಂದಿಗೆ ಹಿಂದಿಯಲ್ಲೋ ಮರಾಠಿಯಲ್ಲೋ, ಮುನೀಮರೊಂದಿಗೆ ಕನ್ನಡದಲ್ಲಿ, ಪಕ್ಕದ ಅಂಗಡಿಯಲ್ಲಿ ದಖನಿಯಲ್ಲಿ ಮಾತಾಡಬಲ್ಲ ನಮ್ಮ ಭಾಗದ ಮಕ್ಕಳಿಗೆ ಈ ವೃತ್ತಿಯಲ್ಲಿ ಇರುವ ಅನುಕೂಲವನ್ನು ಅವರೇ ಗುರುತಿಸಿಕೊಂಡಿಲ್ಲ ಎಂಬ ಬೇಸರ ನನಗಿದೆ.

ಇನ್ನು ಆ 8 ಲಕ್ಷದ ಮಾತು. ಮಾರಾಟದ ಹುದ್ದೆಗಳಲ್ಲಿ ಹೇಳುವ ಮೊತ್ತ ಸಾಮಾನ್ಯವಾಗಿ ಎರಡು ಭಾಗವಾಗಿರುತ್ತದೆ: ತಿಂಗಳು ತಿಂಗಳು ಬರುವ ನಿಗದಿತ ಸಂಬಳ, ಮತ್ತು ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಪ್ರೋತ್ಸಾಹಧನ. ನಿಗದಿತ ಭಾಗ ಶೇ. 60 ಆಗಿದ್ದರೆ ನಿಮ್ಮ ಕೈಲಿರುವುದು ವರ್ಷಕ್ಕೆ 4.8 ಲಕ್ಷ, ಅಂದರೆ ಕಡಿತಗಳಿಗೆ ಮುಂಚೆ ತಿಂಗಳಿಗೆ 40 ಸಾವಿರ. ಹೈದರಾಬಾದಿನ ಮನೆ ಬಾಡಿಗೆ, ಊಟ, ಊರಿಗೆ ಕಳುಹಿಸುವ ಹಣ ಎಲ್ಲವನ್ನೂ ಈ 40 ಸಾವಿರದಲ್ಲೇ ಲೆಕ್ಕ ಹಾಕಿ ನೋಡಿ. ಉಳಿದ 3.2 ಲಕ್ಷವನ್ನು ನಂಬಿ ಸಾಲ ಮಾಡಬೇಡಿ. ಕಮಿಷನ್ ಗ್ರಾಹಕರು ಸಹಿ ಹಾಕಿದಾಗ ಬರುತ್ತದೆಯೇ, ಅವರ ಹಣ ಜಮೆಯಾದ ಮೇಲೆಯೇ? ಗ್ರಾಹಕರು ನಡುವೆ ಬಿಟ್ಟುಹೋದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುತ್ತಾರೆಯೇ? ನೀವು ಸೇರಲಿರುವ ತಂಡದಲ್ಲಿ ಕಳೆದ ವರ್ಷ ಎಷ್ಟು ಜನ ಟಾರ್ಗೆಟ್ ಮುಟ್ಟಿದರು? ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡದ ಕಂಪನಿಗೆ ಹೋಗಬೇಡಿ. ಕೆಲಸಕ್ಕೆ ಸೇರಿಸಿಕೊಳ್ಳಲು ಠೇವಣಿ ಕೇಳಿದರಂತೂ ಮಾತು ಅಲ್ಲಿಗೇ ಮುಗಿಯಿತು.

ಮೂರು ತಿಂಗಳಿಗೊಮ್ಮೆ ಟಾರ್ಗೆಟ್ಟಿನ ಒತ್ತಡ ಏರಿದಾಗ, ಸಾಫ್ಟ್‌ವೇರಿನಲ್ಲಿ ಇಲ್ಲದ ಸೌಲಭ್ಯವನ್ನು ಇದೆ ಎಂದುಬಿಡುವ ಆಸೆ ಈ ವೃತ್ತಿಯವರನ್ನು ಕಾಡುತ್ತದೆ. ಮಾತು ಕೊಟ್ಟವರು ಮುಂದಿನ ಗ್ರಾಹಕರ ಕಡೆ ಹೋಗಿರುತ್ತಾರೆ, ಮುನೀಮರ ಬೈಗುಳ ತಿನ್ನುವವರು ಸಪೋರ್ಟ್ ವಿಭಾಗದ ಹುಡುಗರು. ಹಾಗೆ ಹೇಳಲು ಮೇಲಿನವರು ಒತ್ತಾಯಿಸುವ ಕಡೆ ನೀವು ಉಳಿಯಬಾರದು. ನಿಮಗೆ ಗಿರಾಕಿ ಹುಡುಕುವುದಕ್ಕಿಂತ ತಾಂತ್ರಿಕ ವಿವರಣೆಯೇ ಹಿಡಿಸಿದರೆ, ಡೆಮೊ ಸಿದ್ಧಪಡಿಸಿ ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸುವ ಪ್ರಿ-ಸೇಲ್ಸ್ ವಿಭಾಗಕ್ಕೆ ಮುಂದೆ ಹೊರಳಬಹುದು.

ನಿಮ್ಮ ತಂದೆಯವರ ಮಾತನ್ನು ಹಗುರವಾಗಿ ಕಾಣಬೇಡಿ. ಸಂವಿಧಾನದ 371(ಜೆ) ವಿಧಿಯಿಂದಾಗಿ ನಮ್ಮ ಭಾಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಇದೆ. ಅವರ ಆಸೆಗೆ ಆಧಾರವಿದೆ. ಆದರೆ ಟಾರ್ಗೆಟ್ಟಿನ ನೌಕರಿ ಮಾಡುತ್ತಲೇ ಕೆಪಿಎಸ್‌ಸಿಗೆ ಓದುತ್ತೇನೆಂದು ಅವರಿಗೆ ಮಾತು ಕೊಡಬೇಡಿ, ಅಷ್ಟು ಸಂಜೆಗಳು ನಿಮಗೆ ಉಳಿಯುವುದಿಲ್ಲ. ಅವರನ್ನು ಕಾಡುತ್ತಿರುವುದು ಅನಿಶ್ಚಿತ ಆದಾಯದ ಭಯವೆಂದು ನನಗನ್ನಿಸುತ್ತದೆ. ಆದ್ದರಿಂದ ನೇಮಕಾತಿ ಪತ್ರ ಕೈಗೆ ಬಂದಾಗ 8 ಲಕ್ಷದ ಸಾಲನ್ನು ಬಿಟ್ಟು, ನಿಗದಿತ ಸಂಬಳದ ಸಾಲನ್ನು ಅವರಿಗೆ ಓದಿ ಹೇಳಿ. ಅದರಲ್ಲಿ ಮನೆ ನಡೆಯುತ್ತದೆ ಎಂದು ನಿಮ್ಮಿಬ್ಬರಿಗೂ ಅನ್ನಿಸಿದರೆ ಹೈದರಾಬಾದಿಗೆ ಹೊರಡಿ.

— ಸಂಪಾದಕ