ಸಂಪಾದಕರ ಉತ್ತರ: ಆ ಮನೆಯ ಜಗಲಿಯಲ್ಲಿ ಎಷ್ಟು ಹೊತ್ತು ಕೂತಿದ್ದಿರಿ?

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿ ಒಂದು ದಿನ ಸುಮ್ನೆ ಇಟ್ಟುಕೊಂಡೆ. ಮರುದಿನ ಮತ್ತೆ ಓದಿದೆ. ಆಮೇಲೆ ತಡೆಯಲಾಗದೆ ನಿಮಗೆ ಫೋನ್ ಮಾಡಿದೆ. ಅಲ್ಲಿ ಆಡಿದ ಮಾತನ್ನೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ನಿಮ್ಮಂಥ ಕೆಲಸದಲ್ಲಿರುವ ಇನ್ನೂ ನಾಲ್ಕು ಜನ ಓದಲಿ ಅಂತ.

ಬೇರೆ ಓದುಗರಿಗಾಗಿ ಪತ್ರದ ಸಾರ ಇಷ್ಟು. ಇವರು ಕಾಸರಗೋಡಿನವರು. ಒಂಬತ್ತು ವರ್ಷ ಪ್ರೊಬೇಷನ್ ಕೆಲಸದಲ್ಲಿ, ಅಂದರೆ ಕೇಸಿನಲ್ಲಿ ಸಿಕ್ಕಿದವರ ಮನೆ, ನಡತೆ ವಿಚಾರಿಸಿ ಕೋರ್ಟಿಗೆ ವರದಿ ಕೊಡುವ, ಜೈಲಿನ ಬದಲು ಹೊರಗೆ ಬಿಟ್ಟವರನ್ನು ನೋಡಿಕೊಳ್ಳುವ ಕೆಲಸದಲ್ಲಿ, ಮನೆ ಮನೆ ಸುತ್ತಿದವರು. ಮೂರು ತಿಂಗಳ ಹಿಂದೆ ಕಚೇರಿಯ ಜವಾಬ್ದಾರಿ ಇವರ ಹೆಗಲಿಗೆ ಬಂದಿದೆ, ಕೈಕೆಳಗೆ ಐದು ಜನ. ಈಗ ಬೆಳಗಿನಿಂದ ಸಂಜೆವರೆಗೆ ಫೈಲು, ಮೀಟಿಂಗು, 'ವರದಿ ಎಲ್ಲಿ' ಅಂತ ಕೋರ್ಟಿನಿಂದ ಫೋನು. ಕೈಕೆಳಗಿನ ಹುಡುಗನೊಬ್ಬ ಕೇರಳದ ತೆಂಕಣ ಜಿಲ್ಲೆಯೊಂದರವನು, ಕನ್ನಡವೂ ತುಳುವೂ ಬಾರದು. ಅವನು ಕೇಸಿನಲ್ಲಿ ಸಿಕ್ಕಿದ ಒಬ್ಬ ಹುಡುಗನ ಮನೆಗೆ ಹೋಗಿ ಅರ್ಧ ಗಂಟೆಯಲ್ಲಿ ವಾಪಸ್ ಬಂದು 'ಮನೆಯವರ ಸಹಕಾರ ಇಲ್ಲ' ಎಂದು ವರದಿ ಬರೆದ. ಇವರು ಸಹಿ ಹಾಕಿದರು. ವಾರ ಕಳೆದ ಮೇಲೆ ಗೊತ್ತಾಯಿತು, ಆ ಮನೆಯಲ್ಲಿದ್ದ ತಾಯಿಗೆ ತುಳು ಬಿಟ್ಟು ಬೇರೇನೂ ಬಾರದು. ಹೆದರಿ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ. 'ನನಗೆ ನಿದ್ದೆ ಬರುತ್ತಿಲ್ಲ. ಈ ಮ್ಯಾನೇಜರ್ ಕೆಲಸ ನನಗಲ್ಲ. ಹಳೇ ಕೆಲಸಕ್ಕೇ ಹೋಗಲೇ?' ಎಂದು ಕೇಳಿದ್ದಾರೆ.

ಊರಿನ ಹೆಸರು, ಕೇಸು ಯಾವುದು, ಯಾವ ಕಚೇರಿ, ಇವನ್ನೆಲ್ಲ ನಾನೇ ತೆಗೆದಿದ್ದೇನೆ. ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಪ್ರೊಬೇಷನ್ ವರದಿ ಗುಟ್ಟಾಗಿರಬೇಕು. ಅದು ಕೇಸಿನಲ್ಲಿ ಸಿಕ್ಕಿದ ಹುಡುಗನ ಮಾನದ ಪ್ರಶ್ನೆ.

ಮೊದಲು ಅವಸರದ ವಿಷಯ. ಆ ಕೇಸಿನ ಹುಡುಗನಿಗೆ ಇಪ್ಪತ್ತೊಂದು ತುಂಬಿಲ್ಲ, ಕೋರ್ಟಿನ ತೀರ್ಮಾನ ಇನ್ನೂ ಬಂದಿಲ್ಲ ಎಂದಿದ್ದೀರಿ. ಹಾಗಾದರೆ ದಾರಿ ಇದೆ. ನೀವೇ ಆ ಮನೆಗೆ ಹೋಗಿ. ಮೊದಲ ವರದಿ ಬರೆದವರಿಗೆ ಮನೆಯವರ ಭಾಷೆ ಬರುತ್ತಿರಲಿಲ್ಲ, ಆದ್ದರಿಂದ ಇನ್ನೊಮ್ಮೆ ವಿಚಾರಿಸಿ ಬರೆದಿದ್ದೇವೆ ಎಂದು ಕೋರ್ಟಿಗೆ ಎರಡನೇ ವರದಿ ಕೊಡಿ. ತಪ್ಪು ಒಪ್ಪಿಕೊಂಡರೆ ಕಚೇರಿಯ ಮರ್ಯಾದೆ ಹೋಗುತ್ತದೆ ಎಂದು ಯಾರಾದರೂ ಹೇಳಿಯಾರು. ಕೇಳಬೇಡಿ. ಮ್ಯಾಜಿಸ್ಟ್ರೇಟರು ಆ ಮನೆ ನೋಡಿಲ್ಲ. ಅವರಿಗೆ ಕಾಣುವುದು ನೀವು ಕಳಿಸಿದ ಎರಡು ಹಾಳೆ ಮಾತ್ರ.

ಆ ಹಾಳೆಯ ತೂಕ ಎಷ್ಟು ಅಂತ ಜನರಿಗೆ ಗೊತ್ತಿಲ್ಲ. ಕಾಯ್ದೆ 1958ರದ್ದು. ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆ ಕೊಡಬಹುದಾದ ಅಪರಾಧ ಅಲ್ಲದಿದ್ದರೆ, ಕೋರ್ಟು ಮನಸ್ಸು ಮಾಡಿದಲ್ಲಿ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ. ಆಫೀಸರ ಮೇಲ್ವಿಚಾರಣೆ ಬೇಕು ಎಂದು ಆದೇಶ ಆದರೆ ಅದು ಕನಿಷ್ಠ 1 ವರ್ಷ. 21 ತುಂಬದವರ ವಿಷಯದಲ್ಲಿ ಕಾನೂನು ಇನ್ನೂ ಮೃದು. ಅಂಥವರನ್ನು ಜೈಲಿಗೆ ಕಳಿಸುವ ಮೊದಲು ಕೋರ್ಟು ಪ್ರೊಬೇಷನ್ ವರದಿ ತರಿಸಿ ನೋಡಬೇಕು. ಕಳಿಸುವುದೇ ಸರಿ ಅನ್ನಿಸಿದರೆ ಯಾಕೆ ಅಂತ ಕಾರಣ ಬರೆಯಬೇಕು. 'ಸಹಕಾರ ಇಲ್ಲ' ಎಂಬ ಎರಡು ಶಬ್ದ ಅಂಥ ಕಾರಣ ಆಗಿಬಿಡಬಹುದು, ಅಲ್ವಾ?

ನಾನು ಸಣ್ಣವನಿದ್ದಾಗ ಕಂಡದ್ದೊಂದು ಹೇಳುತ್ತೇನೆ. ನಮ್ಮ ಪಕ್ಕದ ಮನೆಯ ಹುಡುಗ ಊರಿನ ಒಬ್ಬರ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಕದ್ದ. ಕೇಸಾಯಿತು. ಒಂದು ಮಧ್ಯಾಹ್ನ ಬಸ್ಸಿಳಿದು ಗುಡ್ಡ ಹತ್ತಿ ಪ್ರೊಬೇಷನ್ ಆಫೀಸರು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ಹುಡುಗನ ತಾಯಿ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. 'ಬಲೆ, ಕುಲ್ಲುಲೆ' (ಬನ್ನಿ, ಕೂತುಕೊಳ್ಳಿ) ಎಂದು ತುಳುವಿನಲ್ಲಿ ಅಂದರು, ಮತ್ತೆ ತಲೆ ಎತ್ತಲಿಲ್ಲ. ಆಫೀಸರು ಕುರ್ಚಿ ಬೇಡ ಎಂದು ಜಗಲಿಯಲ್ಲೇ ಕೂತರು. ನನ್ನ ಅಮ್ಮ ಬೆಲ್ಲ ನೀರು ಕೊಟ್ಟು ಕಳಿಸಿದ್ದರು, ನಾನು ಚೆಂಬು ಹಿಡಿದು ನಿಂತಿದ್ದೆ. ಆಫೀಸರು ಕಳ್ಳತನದ ಮಾತೇ ಎತ್ತಲಿಲ್ಲ. ಮೊರದಲ್ಲಿದ್ದ ಎಲೆ ನೋಡಿ, ದಿನಕ್ಕೆ ಎಷ್ಟು ಕಟ್ಟುತ್ತೀರಿ, ಎಲೆ ಕಡಿಮೆ ಬಿದ್ದರೆ ಏನು ಮಾಡುತ್ತೀರಿ ಎಂದು ತುಳುವಿನಲ್ಲಿ ಕೇಳಿದರು. ಆ ತಾಯಿ ಕತ್ತರಿ ಕೆಳಗಿಟ್ಟರು. ಎಲೆ ಕಡಿಮೆ ಬಿದ್ದರೆ ದುಡ್ಡು ಕೊಟ್ಟು ತರಬೇಕು, ಅದಕ್ಕೆ ಸಾಲ ಮಾಡಿದ್ದೇವೆ, ಗಂಡ ಮನೆ ಬಿಟ್ಟು ಎರಡು ಮಳೆಗಾಲ ಆಯಿತು, ಎಲ್ಲ ಹೊರಗೆ ಬಂತು. ಆಫೀಸರು ಹೊರಡುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಆ ಹುಡುಗ ಮತ್ತೆ ಕೋರ್ಟು ಮೆಟ್ಟಿಲು ಹತ್ತಲಿಲ್ಲ.

ಆ ಆಫೀಸರು ಅಲ್ಲಿ ಮೂರು ಗಂಟೆ ಕೂತದ್ದು ಅವರ ಒಳ್ಳೆಯತನ. ಆದರೆ ಅಷ್ಟು ಹೊತ್ತು ಕೂರಲು ಅವರಿಗೆ ಯಾರೋ ಬಿಟ್ಟಿದ್ದರು. 'ಒಂದು ಮನೆಗೆ ಇಡೀ ಮಧ್ಯಾಹ್ನ ಯಾಕೆ' ಎಂದು ಕೇಳದ ಒಬ್ಬರು ಮೇಲಿನವರು ಇದ್ದಿರಬೇಕು. ಇಷ್ಟು ವರ್ಷ ನಾನು ಅವರ ಬಗ್ಗೆ ಯೋಚಿಸಿಯೇ ಇರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಯೋಚಿಸಿದೆ. ಸಹೋದರಿ, ಈಗ ಆ ಜಾಗದಲ್ಲಿ ನೀವಿದ್ದೀರಿ.

ಹಾಗಾಗಿ ಹಳೇ ಕೆಲಸಕ್ಕೆ ಹೋಗಬೇಡಿ. ನೀವೊಬ್ಬರೇ ಸುತ್ತಿದರೆ ಒಬ್ಬರ ಕೈಯಲ್ಲಿ ಆಗುವಷ್ಟು ಮನೆ. ಐದು ಜನರಿಗೆ ಜಗಲಿಯಲ್ಲಿ ಕೂರುವಷ್ಟು ಹೊತ್ತು ಉಳಿಸಿಕೊಟ್ಟರೆ? ಮೀಟಿಂಗುಗಳನ್ನು ನೀವೇ ಹೊತ್ತುಕೊಳ್ಳಿ. ಲೆಕ್ಕದ ಪಟ್ಟಿ ಕೇಳುವವರಿಗೆ ನೀವೇ ಉತ್ತರ ಕೊಡಿ. ವಾರದಲ್ಲಿ ಎರಡು ದಿನ ಅವರನ್ನು ಯಾರೂ ಕಚೇರಿಗೆ ಕರೆಯಬಾರದು ಎಂದು ಹಟ ಹಿಡಿಯಿರಿ. ಕೋರ್ಟು ಕೊಟ್ಟ ದಿನಕ್ಕೆ ವರದಿ ಆಗದಿದ್ದರೆ ಇನ್ನೊಂದು ವಾರ ಕೇಳಿ. ಕೇಳುವುದು ಅವಮಾನ ಅಲ್ಲ.

ಇನ್ನು ಸಹಿ. ಯಾವ ವರದಿ ಬಂದರೂ ಪೆನ್ನು ತೆಗೆಯುವ ಮೊದಲು ಕೇಳಿ: ಯಾರ ಹತ್ತಿರ ಮಾತಾಡಿದಿರಿ? ಯಾವ ಭಾಷೆಯಲ್ಲಿ? ಎಷ್ಟು ಹೊತ್ತು? ಇದಕ್ಕೆ ಉತ್ತರ ಇಲ್ಲದ ವರದಿಗೆ ಸಹಿ ಬೇಡ. 'ಸಹಕಾರ ಇಲ್ಲ', 'ನಡತೆ ಸರಿ ಇಲ್ಲ' ಎಂಬ ಮಾತು ಕಂಡರೆ, ಏನು ನೋಡಿ ಹಾಗೆ ಬರೆದಿರಿ ಎಂದು ಕೇಳಿ. ಕಂಡದ್ದನ್ನು ಬರೆಯಲಿ. ತೀರ್ಪು ಕೊಡಲು ಕೋರ್ಟು ಇದೆ.

ಭಾಷೆಯ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ಹೇಳುವುದಿದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಂದಿನಿಂದ ಕನ್ನಡದ ಹಕ್ಕು ಅಂದರೆ ಶಾಲೆ, ಬೋರ್ಡು, ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆ ಎಂದೇ ಮಾತಾಡಿದ್ದೇವೆ. ಇದೇ ಪತ್ರಿಕೆಯಲ್ಲಿ ನಾನೂ ಅದನ್ನೇ ಬರೆದಿದ್ದೇನೆ. 1969ರ ಕೇರಳದ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆದರೆ ಅರ್ಜಿ ಬರೆಯುವವರಿಗೆ ಆ ಹಕ್ಕು ಸಾಕು. ಅರ್ಜಿಯನ್ನೇ ಬರೆಯದ, ಜಗಲಿಯ ಮೂಲೆಯಲ್ಲಿ ಹೆದರಿ ಕೂತ ತಾಯಿಯ ಹತ್ತಿರ ಅವರ ಭಾಷೆಯಲ್ಲಿ ಮಾತಾಡುವವರು ಹೋಗಬೇಕು. ಪೆರ್ಲ, ಪೈವಳಿಕೆ, ಬದಿಯಡ್ಕ ಕಡೆಯ ಮನೆಗಳಿಗೆ ಯಾರನ್ನು ಕಳಿಸುತ್ತೀರಿ ಎಂಬುದು ನಿಮ್ಮ ಕೈಯಲ್ಲಿರುವ ತೀರ್ಮಾನ. ಮಲಯಾಳ ಮಾತ್ರ ಬರುವವರ ಜೊತೆ ತುಳು, ಕನ್ನಡ ಬಲ್ಲವರೊಬ್ಬರನ್ನು ಸೇರಿಸಿ ಕಳಿಸಿ. ಮನೆಯವರ ನೆಂಟರನ್ನೋ ಪಕ್ಕದ ಮನೆಯವರನ್ನೋ ಭಾಷಾಂತರಕ್ಕೆ ಕೂರಿಸಬೇಡಿ. ಪಕ್ಕದ ಮನೆಯವರ ಎದುರು ಯಾರು ತಾನೆ ಸಾಲದ ಮಾತು ಆಡುತ್ತಾರೆ?

ಗಡಿಯ ಇನ್ನೊಂದು ತೊಂದರೆ ನಿಮಗೆ ಗೊತ್ತಿರುವುದೇ. ನಮ್ಮ ಹುಡುಗರಿಗೆ ಕೆಲಸ ಸಿಗುವುದು ಮಂಗಳೂರಿನಲ್ಲಿ. ಮುಚ್ಚಳಿಕೆಯಲ್ಲಿ ವಾಸದ ಜಾಗದ ಷರತ್ತು ಇದ್ದರೆ ಅವರು ಹೆದರಿ ಮನೆಯಲ್ಲೇ ಕೂರುತ್ತಾರೆ, ಇಲ್ಲವೇ ಹೇಳದೆ ಹೋಗಿ ಸಿಕ್ಕಿಬೀಳುತ್ತಾರೆ. 8ನೇ ಸೆಕ್ಷನ್ ಪ್ರಕಾರ ಆಫೀಸರು ಕೇಳಿದರೆ ಕೋರ್ಟು ಷರತ್ತು ಬದಲಾಯಿಸಬಹುದು. ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದು ಆಫೀಸರ ಕರ್ತವ್ಯ ಎಂದು ಕಾಯ್ದೆಯೇ ಹೇಳುತ್ತದೆ. ಒಂದು ಷರತ್ತು ತಪ್ಪಿದ ಕೂಡಲೇ ಜೈಲು ಅಂತಲೂ ಇಲ್ಲ. ಮೊದಲ ಸಲವಾದರೆ ಕೋರ್ಟು 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಬಹುದು. ಈ ಮಾತನ್ನು ಹುಡುಗರಿಗೆ ಮೊದಲ ದಿನವೇ ಹೇಳಿಸಿ.

ಎಂಡಿಎಂಎ ಎಂಬ ಮಾದಕ ವಸ್ತುವಿನ ಕೇಸಿನಲ್ಲಿ ಸಿಕ್ಕಿದ ಮಕ್ಕಳ ತಾಯಂದಿರು ಬಂದು ಅಳುತ್ತಾರೆ ಎಂದು ಬರೆದಿದ್ದೀರಿ. ಅಲ್ಲಿ ಕಾನೂನು ಬಿಗಿ. ಮಾದಕ ವಸ್ತು ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ, 18 ತುಂಬದವರನ್ನು ಬಿಟ್ಟರೆ, ಮುಖ್ಯವಾಗಿ ಸೇದಿದ ಅಥವಾ ಸೇವಿಸಿದ ಕೇಸಿಗೆ ಮಾತ್ರ ಪ್ರೊಬೇಷನ್ ಸಿಗಬಹುದು, ಮಾರಿದ್ದಕ್ಕೆ ಇಲ್ಲ. ಸುಳ್ಳು ಭರವಸೆ ಕೊಡಬೇಡಿ.

ಈ ಕೆಲಸದ ಮೂಲ ನೆನಪಿಡಿ. 1841ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಜಾನ್ ಆಗಸ್ಟಸ್ ಎಂಬ ಬೂಟು ಹೊಲಿಯುವವರು ಒಬ್ಬ ಕುಡುಕನಿಗೆ ಕೋರ್ಟಿನಲ್ಲಿ ಜಾಮೀನು ನಿಂತರು. ಮೂರು ವಾರ ಬಿಟ್ಟು ಅವನನ್ನು ವಾಪಸ್ ಕರೆತಂದಾಗ ಅವನ ಮುಖವೇ ಬೇರೆ ಇತ್ತು. ಪ್ರೊಬೇಷನ್ ಹುಟ್ಟಿದ್ದು ಹಾಗೆ. ನಮ್ಮ ಕಡೆಗೆ ಬಂದರೆ, ತಲಶ್ಶೇರಿಯಲ್ಲಿ ವಕೀಲರಾಗಿದ್ದ ವಿ. ಆರ್. ಕೃಷ್ಣ ಅಯ್ಯರ್ 1948ರಲ್ಲಿ ಸ್ವತಃ ಜೈಲು ಕಂಡವರು. 1957ರ ಮಂತ್ರಿಮಂಡಲದಲ್ಲಿ ಜೈಲು ಖಾತೆ ನೋಡಿಕೊಂಡರು, ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಅವರ ಹುಟ್ಟಿದ ದಿನ ನವೆಂಬರ್ 15ನ್ನು ಕೇರಳದಲ್ಲಿ ಪ್ರೊಬೇಷನ್ ದಿನವಾಗಿ ಆಚರಿಸುತ್ತಾರೆ. ಈ ಸಲ ಆ ದಿನ ಭಾಷಣ ಕಡಿಮೆ ಮಾಡಿ, ನಿಮ್ಮ ಐವರನ್ನು ಕೂರಿಸಿಕೊಂಡು ಹಳೇ ವರದಿಗಳನ್ನು ಗಟ್ಟಿಯಾಗಿ ಓದಿಸಿ.

ಕೊನೆಗೆ ಆ ತೆಂಕಣದ ಹುಡುಗ. ಅವನ ಮೇಲೆ ಸಿಟ್ಟು ಬೇಡ. ಅವನಿಗೂ ಊರು ಹೊಸತು, ಬಾಡಿಗೆ ಕೋಣೆ, ಮಾತಾಡಲು ಜನ ಇಲ್ಲ. ಮೂರು ಪ್ರಶ್ನೆ ಕೇಳದೆ ಸಹಿ ಹಾಕಿದ್ದು ನೀವು. ತಪ್ಪಿನಲ್ಲಿ ನಿಮ್ಮ ಪಾಲನ್ನು ಅವನ ಎದುರೇ ಒಪ್ಪಿಕೊಳ್ಳಿ. ಆಮೇಲೆ ಆ ಮನೆಗೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಅವನು ಏನೂ ಬರೆದುಕೊಳ್ಳುವುದು ಬೇಡ, ನಿಮ್ಮ ಪಕ್ಕದಲ್ಲಿ ಕೂತರೆ ಸಾಕು. 'ಬಲೆ, ಕುಲ್ಲುಲೆ' ಅಂದರೆ ಏನು ಎಂದು ದಾರಿಯಲ್ಲೇ ಹೇಳಿಕೊಡಿ. ಬೆಲ್ಲ ನೀರು ಕೊಟ್ಟರೆ ಬೇಡ ಅನ್ನಬಾರದು ಅಂತಲೂ ಹೇಳಿ.

ನಿಮ್ಮ,
ಸಂಪಾದಕ